ಹೀ-ಮ್ಯಾನ್ ಅಲಿಯಾಸ್ ಮಹಿಷಾಸುರ: ಒಂದು ಎಕ್ಸ್‌ಕ್ಲೂಸಿವ್ ಸಂದರ್ಶನ

ದಸರಾ ಹತ್ತಿರ ಬಂತು ಅನ್ನುವಾಗ ಮೈಸೂರಿನ ಹಳೇ ಬಡಾವಣೆಗಳಲ್ಲಿ ಅಟ್ಟದ ಮೇಲಿನ ಬೊಂಬೆ ಟ್ರಂಕುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಮೂಗು ಮುಕ್ಕಾದ ಶೆಟ್ಟಿ, ಬಣ್ಣ ಚಕ್ಕೆಯೆದ್ದ ಕೃಷ್ಣ, ಬಂದೂಕು ಕಳೆದುಕೊಂಡ ಸಿಪಾಯಿ, ಎಲ್ಲರೂ ಹಜಾರದಲ್ಲಿ ಹಾಸಿದ ಹಳೇ ಪೇಪರಿನ ಮೇಲೆ ಸಾಲಾಗಿ ನಿಂತು ತಮ್ಮ ಸರದಿಗೆ ಕಾಯುತ್ತಾರೆ. ಅಗ್ರಹಾರದ ಒಂದು ಮನೆಯಲ್ಲಿ ಈ ಸಾಲಿನ ಕೊನೆಗೆ ಐದೂವರೆ ಇಂಚು ಎತ್ತರದ, ಎತ್ತರಕ್ಕೆ ಮೀರಿದ ಎದೆಯಗಲದ ವ್ಯಕ್ತಿಯೊಬ್ಬರು ನಿಂತಿದ್ದರು. ದಪ್ಪ ಮೀಸೆ, ಕೈಯಲ್ಲಿ ಕತ್ತಿ. ಆದರೆ ಹಣೆಯ ಮೇಲೆ ಸಮನಾಗಿ ಕತ್ತರಿಸಿದ ಕೂದಲು ಮಾತ್ರ ಯಾವ ಪುರಾಣದ್ದೂ ಅಲ್ಲ. ಮನೆಯ ಅಜ್ಜಿಗೆ ಅವರು ಮಹಿಷಾಸುರ. ಮೊಮ್ಮಗನಿಗೆ ಹೀ-ಮ್ಯಾನ್. ಪತ್ರಿಕೆಯ ಪ್ರತಿನಿಧಿ ಅವರನ್ನೇ ನೇರವಾಗಿ ಮಾತಾಡಿಸಿದರು.

*ಮೊದಲು ತಮ್ಮ ಹೆಸರು ಹೇಳಿಬಿಡಿ. ಓದುಗರಿಗೆ ಗೊಂದಲ ಬೇಡ.*

"ಹುಟ್ಟಿದ ಹೆಸರು ಹೀ-ಮ್ಯಾನ್. ಈಗಿನದು ಮಹಿಷಾಸುರ. ಆಧಾರ್ ತಿದ್ದುಪಡಿಗೆ ಇನ್ನೂ ಅರ್ಜಿ ಹಾಕಿಲ್ಲ. ಬೆರಳಚ್ಚು ಕೇಳ್ತಾರಂತೆ, ಅಚ್ಚಿನಲ್ಲಿ ಎರಕ ಹೊಯ್ದವನ ಬೆರಳಲ್ಲಿ ಅಚ್ಚು ಎಲ್ಲಿರುತ್ತೆ ಸ್ವಾಮಿ?"

*ಮೂಲ ಊರು?*

"ಟಿವಿಯವರು ಎಟರ್ನಿಯಾ ಅಂತಾರೆ. ಅಮೆರಿಕದ ಮ್ಯಾಟೆಲ್ ಕಂಪನಿ ನಮ್ಮ ಕುಲವನ್ನು ಮಾರುಕಟ್ಟೆಗೆ ಬಿಟ್ಟದ್ದು 1982ರಲ್ಲಿ. ನಾನು ಮಾತ್ರ ಇಲ್ಲೇ ಭಾರತದಲ್ಲಿ ತಯಾರಾದವನು, ಲಿಯೋ ಕಂಪನಿಯ ಸರಕು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಾರ್ಟೂನು ದೂರದರ್ಶನದಲ್ಲಿ ಬರ್ತಿತ್ತಲ್ಲ, ಆಗ ಈ ಮನೆಯ ದೊಡ್ಡ ಮಗ ಮೂರು ದಿನ ಊಟ ಬಿಟ್ಟ. ನಾಲ್ಕನೇ ದಿನ ನಾನು ಬಂದೆ."

*ಧಾರಾವಾಹಿ ಜನಪ್ರಿಯವಾಯಿತು ಅಂತ ನಿಮ್ಮನ್ನು ಮಾಡಿದರು ಅನ್ನಿ.*

"ಎಲ್ಲರೂ ಹಾಗೇ ಅಂದ್ಕೊಳ್ತಾರೆ. ನಡೆದದ್ದು ಉಲ್ಟಾ. ಗೊಂಬೆ ಬಂದದ್ದು 1982ರಲ್ಲಿ, ಫಿಲ್ಮೇಷನ್ ಸ್ಟುಡಿಯೋದವರ ಕಾರ್ಟೂನು ಬಂದದ್ದು 1983ರಲ್ಲಿ. ಮಾರೋದಕ್ಕೆ ಸರಕು ರೆಡಿ ಇತ್ತು, ಕಥೆ ಆಮೇಲೆ ಹೊಸೆದರು, ಒಟ್ಟು 130 ಕಂತು. ಒಂದೊಂದು ಕಂತೂ ಅರ್ಧ ಗಂಟೆಯ ಜಾಹೀರಾತು, ನೋಡೋರಿಗೆ ಮಾತ್ರ ಗೊತ್ತಾಗ್ತಿರಲಿಲ್ಲ. ಆ ಲೆಕ್ಕದಲ್ಲಿ ನನ್ನ ಹೊಸ ಪಾತ್ರಕ್ಕೆ ಮರ್ಯಾದೆ ಜಾಸ್ತಿ. ಮಹಿಷಾಸುರನ ಕಥೆ ಮೊದಲು, ಬೊಂಬೆ ಆಮೇಲೆ."

ಇಲ್ಲಿ ಪ್ರತಿನಿಧಿ ಸ್ವಲ್ಪ ಸೂಕ್ಷ್ಮ ವಿಷಯಕ್ಕೆ ಕೈ ಹಾಕಿದರು. ಇಷ್ಟು ವರ್ಷ ದುಷ್ಟರನ್ನು ಸದೆಬಡಿದ ಹೀರೋ ಒಬ್ಬರು ಬಣ್ಣ ಬದಲಿಸಿ ರಾಕ್ಷಸನಾಗಿ ನಿಲ್ಲುವುದು ಪಕ್ಷಾಂತರವಲ್ಲವೆ?

"ಕರ್ನಾಟಕದಲ್ಲಿ ಕೂತು ಈ ಪ್ರಶ್ನೆ ಕೇಳ್ತೀರಲ್ಲ, ನಿಮ್ಮ ಧೈರ್ಯ ಮೆಚ್ಚಬೇಕು. ಬಣ್ಣ ಬದಲಿಸೋದು ನಮ್ಮ ವಂಶದಲ್ಲೇ ಇದೆ. ಮ್ಯಾಟೆಲ್‌ನವರು ಫೇಕರ್ ಅಂತ ಒಬ್ಬನನ್ನು ತಂದರು. ಯಾರವನು? ನಾನೇ. ನನ್ನದೇ ಮುಖ, ನನ್ನದೇ ಮೈ, ನೀಲಿ ಬಣ್ಣ ಹೊಡೆದು, ಶತ್ರು ಸ್ಕೆಲಿಟರ್‌ನ ಎದೆಕವಚವನ್ನು ಕಿತ್ತಳೆ ಬಣ್ಣದಲ್ಲಿ ಹಾಕಿದರು. ಹೊಸ ವಿಲನ್ ಸಿದ್ಧ! ನಾನು ಸವಾರಿ ಮಾಡುವ ಹಸಿರು ಹುಲಿ ಬ್ಯಾಟಲ್ ಕ್ಯಾಟ್ ಕಥೆ ಗೊತ್ತಾ? ಅದು ಬಿಗ್ ಜಿಮ್ ಅನ್ನೋ ಹಳೇ ಬೊಂಬೆಯ ಜೊತೆ ಮಾರ್ತಿದ್ದ ಹುಲಿ. ಅಚ್ಚು ಗೋಡೌನಿನಲ್ಲಿತ್ತು, ಹೊಸ ಅಚ್ಚಿಗೆ ದುಡ್ಡು ಯಾಕೆ ಅಂತ ಹಸಿರು ಬಳಿದು ನನಗೆ ಕೊಟ್ಟರು. ಅದಕ್ಕೇ ಅದು ನನಗಿಂತ ಅಷ್ಟು ದೊಡ್ಡದು. ಕಂಪನಿ ಬಳಿದರೆ ಹೊಸ ಮಾಡೆಲ್, ನಮ್ಮ ಹುಡುಗ ಬಳಿದರೆ ಆಟಿಕೆ ಹಾಳಾಯ್ತು. ಇದ್ಯಾವ ನ್ಯಾಯ?"

ಮೈಸೂರಿನ ಮಟ್ಟಿಗೆ ಈ ಪ್ರಶ್ನೆಗೆ ಎಂದೋ ಉತ್ತರ ಸಿಕ್ಕಿದೆ. ಈ ಊರಲ್ಲಿ ಬೊಂಬೆ ಎಂದರೆ ಮನೆಯವರ ಕೈ ತಾಗಿದ್ದು. ದಸರೆಗೆ ಬೊಂಬೆ ಕೂರಿಸುವ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲೆ ಕೂರುವ ಪಟ್ಟದ ಬೊಂಬೆಗಳನ್ನೇ ನೋಡಿ: ಮರದ ರಾಜ–ರಾಣಿ, ಮಗಳ ಮದುವೆಯಲ್ಲಿ ತವರಿನಿಂದ ಕೊಟ್ಟು ಕಳಿಸುವಂಥವು. ಪ್ರತಿ ವರ್ಷ ಅವಕ್ಕೆ ಹೊಸ ಜರಿ ಬಟ್ಟೆ, ಮಣಿಸರ, ಹೊಸ ಪೇಟ. ಮಾಸಿದ ಕಣ್ಣು–ಹುಬ್ಬನ್ನು ಮನೆಯವರೇ ತಿದ್ದುತ್ತಾರೆ. ಇಂದಿನ ಹುಡುಗರು 'ಕಸ್ಟಮೈಸ್' ಎಂದು ಯೂಟ್ಯೂಬ್ ನೋಡಿ ಕಲಿಯುವುದನ್ನು ಅವರ ಮುತ್ತಜ್ಜಿಯರು ಮೆಟ್ಟಿಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಮಾಡುತ್ತಿದ್ದರು. ಅರಮನೆಯಲ್ಲಿ ಬೊಂಬೆಗಳಿಗೆಂದೇ ಗೊಂಬೆ ತೊಟ್ಟಿ ಇದೆ. ನಜರ್‌ಬಾದ್‌ನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನ ದಸರಾ ಕಾಲದಲ್ಲಿ 'ಬೊಂಬೆ ಮನೆ' ತೆರೆಯುತ್ತದೆ. ಹೀಗಿರುವ ಊರಿಗೆ ಪ್ಲಾಸ್ಟಿಕ್ ವೀರನೊಬ್ಬ ಬಂದರೆ ಅವನ ಮೈ ಹಾಗೇ ಉಳಿದೀತೆ?

ಈ ಬಗ್ಗೆ ಪಟ್ಟದ ಬೊಂಬೆಗಳ ಅಭಿಪ್ರಾಯ ಕೇಳಲು ಪತ್ರಿಕೆ ಪ್ರಯತ್ನಿಸಿತು. ದಂಪತಿ ಪ್ರತಿಕ್ರಿಯೆಗೆ ಸಿಗಲಿಲ್ಲ.

*ಬಣ್ಣ ಬಳಿಸಿಕೊಂಡ ಅನುಭವ ಹೇಳಿ.*

"ಯಾವ ಸಲದ್ದು? ಮೊದಲನೇದು ಈ ಮನೆಯ ಚಿಕ್ಕಪ್ಪನ ಕೈಲಿ. ಗೇಟಿಗೆ ಹೊಡೆದು ಉಳಿದ ಸಿಲ್ವರ್ ಎನಾಮಲ್, ಬ್ರಷ್ಷೂ ಗೇಟಿನದೇ. ಕೈ ಕಾಲು ಒಣಗಿದವು. ತಲೆ ಮಾತ್ರ ವರ್ಷಗಟ್ಟಲೆ ಒಣಗಲೇ ಇಲ್ಲ! ಮುಟ್ಟಿದರೆ ಅಂಟು, ಅಟ್ಟದ ಧೂಳೆಲ್ಲ ನನ್ನ ಮುಖದ ಮೇಲೆ. ಜಾತಕ ಸರಿ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಕಾರಣ ತಿಳೀತು. ನನ್ನ ತಲೆ ಮೆತ್ತನೆಯ ವಿನೈಲ್. ಅದನ್ನು ಮೆತ್ತಗಿಡೋಕೆ ಒಂದು ಎಣ್ಣೆಯಂಥ ವಸ್ತು ಬೆರೆಸಿರ್ತಾರೆ. ಅದು ನಿಧಾನವಾಗಿ ಹೊರಗೆ ಬಂದು ಎನಾಮಲ್ಲನ್ನು ಗಟ್ಟಿಯಾಗೋಕೆ ಬಿಡಲ್ಲ. ಎರಡನೇ ಸಲ ಅತ್ತೆಯವರ ನೈಲ್ ಪಾಲಿಷ್. ಕೆಂಪು ತುಟಿ ಬಂತು, ಜೊತೆಗೆ ಗಲ್ಲವೂ ಅಷ್ಟು ಕರಗಿತು. ಉಗುರಿನ ಬಣ್ಣದಲ್ಲಿರೋ ದ್ರಾವಕ ಪ್ಲಾಸ್ಟಿಕ್ಕನ್ನು ತಿನ್ನುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?"

*ಈ ಮೂರನೆಯದು ಚೆನ್ನಾಗಿ ಕೂತಿದೆಯಲ್ಲ?*

"ಮೊಮ್ಮಗ ಓದಿಕೊಂಡವನು. ಇಂಜಿನಿಯರಿಂಗ್ ಪುಸ್ತಕ ಅಲ್ಲ, ಇದನ್ನ. ಮೊದಲು ಹಳೇ ಬಣ್ಣವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿದ. ಪಾತ್ರೆ ತೊಳೆಯೋ ಸೋಪಿನಲ್ಲಿ ಸ್ನಾನ ಮಾಡಿಸಿದ, ಯಾಕಂದ್ರೆ ಜಿಡ್ಡಿನ ಮೇಲೆ ಬಣ್ಣ ನಿಲ್ಲಲ್ಲ. ಆಮೇಲೆ ತಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ತಕ್ಷಣ ಕಿತ್ತ. ಗಾಬರಿ ಬೇಡ, ನೋವಾಗಲಿಲ್ಲ. ಮಹಿಷಾಸುರನಿಗೆ ರುಂಡ ಹೋಗೋದು ಹೊಸದೇ? ಸಣ್ಣ ಮರಳು ಕಾಗದದಲ್ಲಿ ಹಿತವಾಗಿ ಉಜ್ಜಿ, ಪ್ರೈಮರ್ ಕೊಟ್ಟು, ಅದರ ಮೇಲೆ ನೀರು ಬೆರೆಸಿದ ಅಕ್ರಿಲಿಕ್. ತೆಳ್ಳಗೆ, ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು. ದಪ್ಪಗೆ ಒಂದೇ ಸಲ ಬಳಿದರೆ ಎದೆಯ ಮೇಲಿನ ಗೆರೆಗಳೆಲ್ಲ ಮುಚ್ಚಿ ನಾನು ದೋಸೆ ಹಿಟ್ಟಿನ ಹಾಗೆ ಕಾಣ್ತೀನಿ."

ಕೀಲುಗಳ ವಿಷಯಕ್ಕೆ ಬಂದಾಗ ಅವರ ದನಿ ತಗ್ಗಿತು. ಭುಜ, ಕುತ್ತಿಗೆ ತಿರುಗುವ ಕಡೆ ಎಷ್ಟೇ ಚೆನ್ನಾಗಿ ಬಳಿದರೂ ಉಜ್ಜಿ ಉಜ್ಜಿ ಬಣ್ಣ ಹೋಗುತ್ತದೆ. ಬಲ್ಲವರು ಅಲ್ಲಿ ಬಣ್ಣವನ್ನು ಆದಷ್ಟು ತೆಳ್ಳಗಿಡುತ್ತಾರೆ, ಕೀಲಿನ ಒಳಗೆ ಬಳಿಯುವುದೇ ಇಲ್ಲ. ಇವರ ಕಾಲುಗಳಿಗೆ ಬೇರೆಯೇ ಕಾಯಿಲೆ: ಒಳಗೆ ಎರಡೂ ಕಾಲನ್ನು ಹಿಡಿದಿಟ್ಟ ರಬ್ಬರು ವಯಸ್ಸಾಗಿ ಸಡಿಲಾಗಿದೆ. ಬ್ರಹ್ಮಾಂಡದ ಅತಿ ಬಲಶಾಲಿ ಎಂದು ಪ್ಯಾಕಿನ ಮೇಲೆ ಹೊಗಳಿಸಿಕೊಂಡವರು ಈಗ ನಿಲ್ಲುವುದು ಮರದ ಮೆಟ್ಟಿಲಿಗೆ ಒತ್ತಿದ ಒಂದು ಉಂಡೆ ಕ್ಲೇ ಆಧಾರದಲ್ಲಿ.

*ಕೋಡು ಎಲ್ಲಿ? ಮಹಿಷ ಎಂದ ಮೇಲೆ ಕೋಡು ಬೇಡವೆ?*

"ಮನೆ ಒಡೆಯೋ ಪ್ರಶ್ನೆ ಕೇಳಿಬಿಟ್ಟಿರಿ. ಅಜ್ಜಿ ಕೋಡು ಬೇಕೇ ಬೇಕು ಅಂದರು. ಮೊಮ್ಮಗ ಬೆಟ್ಟದ ಫೋಟೋ ತೆಗೆದು ತೋರಿಸಿದ. ಚಾಮುಂಡಿ ಬೆಟ್ಟದ ಮೇಲಿರೋ ಮಹಿಷಾಸುರನಿಗೆ ಕೋಡಿಲ್ಲ, ನೋಡಿ. ಬಲಗೈಲಿ ಕತ್ತಿ, ಎಡಗೈಲಿ ಹಾವು, ಕಿವಿ ತನಕ ಮೀಸೆ. ಎರಡು ದಿನ ಮಾತುಕತೆ ನಡೆದು ಅಜ್ಜಿ ಸೋತರು. ಹಾವಿಗೆ ಕರೆಂಟಿನ ತಾಮ್ರದ ತಂತಿ ಬಗ್ಗಿಸಿ ಮೇಲೆ ಎಂ-ಸೀಲ್ ಮೆತ್ತಿದ. ಎರಡು ಉಂಡೆ ಒಂದೇ ಬಣ್ಣ ಬರೋ ತನಕ ನಾದಿ, ಒದ್ದೆ ಬೆರಳಲ್ಲಿ ಹೊಸೆದು, ಗಟ್ಟಿಯಾಗೋ ಮುಂಚೆ ಸೂಜಿಯಲ್ಲಿ ಚುಚ್ಚಿ ಚುಚ್ಚಿ ಹಾವಿನ ಹುರುಪೆ ಮೂಡಿಸಿದ. ಆ ಕೈಚಳಕ ನೋಡಿದ ಮೇಲೆ ಅಜ್ಜಿ ಕೋಡಿನ ಸುದ್ದಿ ಎತ್ತಲಿಲ್ಲ."

ಪ್ರತಿನಿಧಿ ಹತ್ತಿರ ಬಗ್ಗಿ ನೋಡಿದರು. ಮೀಸೆಯ ತುದಿ ಕೂದಲೆಳೆಯಷ್ಟು ಸಣ್ಣಗೆ ಮೇಲೆ ತಿರುಗಿತ್ತು. ಕಣ್ಣಿನ ಬಿಳಿ ಅಚ್ಚ ಬಿಳಿಯಲ್ಲ, ಚೂರು ಹಳದಿ ಬೆರೆತದ್ದು. ಅದರ ಮೇಲೆ ಕಡ್ಡಿಯ ತುದಿಯಿಂದ ಇಟ್ಟ ಕಪ್ಪು ಚುಕ್ಕೆ. ಎರಡು ಕಣ್ಣೂ ಒಂದೇ ಕಡೆ ನೋಡುತ್ತಿದ್ದವು. ಗೊಂಬೆಗೆ ಕಣ್ಣು ಬರೆದವರಿಗೆ ಗೊತ್ತು, ಇಡೀ ಕೆಲಸದಲ್ಲಿ ಕಷ್ಟ ಇರುವುದು ಅಲ್ಲೇ. ಎದೆಯ ಗೆರೆಗಳಲ್ಲಿ ತೆಳು ಕಂದು ನೀರು ಹರಿಸಿ, ಉಬ್ಬಿದ ಜಾಗದಲ್ಲಿ ಒರೆಸಿದ್ದರಿಂದ ಸ್ನಾಯುಗಳು ಎದ್ದು ಕಾಣುತ್ತಿದ್ದವು. ಕಾರ್ಖಾನೆಯಿಂದ ಬಂದಾಗ ಈ ಮುಖದಲ್ಲಿ ಇಷ್ಟು ಜೀವ ಇದ್ದಿರಲಾರದು.

*ಬಣ್ಣದ ವಿಷಯ ಬಂತು. ಮೈಸೂರಿನ ಅಳಿಸದ ಶಾಯಿಯಲ್ಲೇ ಮೀಸೆ ಬರೆಸಿಕೊಂಡಿದ್ದರೆ ಶಾಶ್ವತವಾಗಿ ಉಳಿಯುತ್ತಿತ್ತಲ್ಲ?*

"ನಾನೂ ಕೇಳಿದೆ. ಮಹಾರಾಜ ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆಲ್ಲ ಅಲ್ಲಿಂದಲೇ ಶಾಯಿ. ಆದರೆ ಅದರಲ್ಲಿರೋದು ಸಿಲ್ವರ್ ನೈಟ್ರೇಟ್. ಚರ್ಮಕ್ಕೆ ತಾಗಿ ಬೆಳಕು ಬಿದ್ದರೆ ಕಪ್ಪಾಗಿ ಹಿಡಿದುಕೊಳ್ಳುತ್ತೆ. ಪ್ಲಾಸ್ಟಿಕ್ ಮೇಲೆ ಆ ಜಾದೂ ನಡೆಯಲ್ಲ. ಅಲ್ಲದೆ ಅಂಗಡಿಯಲ್ಲಿ ಸಿಗೋ ಮಾಲೂ ಅಲ್ಲ. ಮತದಾರರ ಪಟ್ಟಿಯಲ್ಲಿ ನನ್ನ ಹೆಸರಂತೂ ಮೊದಲೇ ಇಲ್ಲ."

*ಸಂಗ್ರಾಹಕರು ಏನಂತಾರೆ?*

"ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಲಿಯೋ ಬೊಂಬೆಗಳಿಗೆ ಈಗ ಭಾರಿ ಬೇಡಿಕೆಯಂತೆ, ಇಲ್ಲಿನವುಗಳ ಬಣ್ಣ ಅಮೆರಿಕದವಕ್ಕಿಂತ ಚೂರು ಬೇರೆ ಇತ್ತು ಅನ್ನೋ ಕಾರಣಕ್ಕೇ. ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ 'ಅಯ್ಯೋ, ಬೆಲೆಯೆಲ್ಲ ಹೋಯ್ತಲ್ಲ!' ಅಂತ ತಲೆ ಚಚ್ಚಿಕೊಂಡರು. ಅವರ ಮನೇಲಿ ನನ್ನ ತಮ್ಮ ಒಬ್ಬ ಇದ್ದಾನಂತೆ. ಪ್ಯಾಕು ತೆರೆದಿಲ್ಲ, ಪ್ಲಾಸ್ಟಿಕ್ ಹಿಂದೆ ನಿಂತೇ ಇದ್ದಾನೆ. ಒಂದು ದಿನ ಆಟ ಇಲ್ಲ, ಒಂದು ದಸರಾ ಇಲ್ಲ. ಬೊಂಬೆ ನೋಡೋಕೆ ಬಂದ ಮಕ್ಕಳಿಗೆ ಚರ್ಪಿನ ತಿಂಡಿ ಹಂಚೋದನ್ನೂ ಕಂಡವನಲ್ಲ. ಅವನ ರೇಟು ನನಗಿಂತ ಎಷ್ಟೋ ಪಟ್ಟು. ಇರಲಿ ಬಿಡಿ."

ಸಂಗ್ರಾಹಕರ ಕಡೆಯೂ ಒಂದು ಮಾತು ಆಡಬೇಕು. ಅಪರೂಪದ ಹಳೇ ಬೊಂಬೆಯ ಮೂಲ ಬಣ್ಣ ಅಳಿಸಿದರೆ ಅದು ಮತ್ತೆ ಬರುವುದಿಲ್ಲ. ಹೊಸದಾಗಿ ಬಳಿದದ್ದನ್ನು ಹಳೆಯದು ಎಂದು ಮಾರುವವರೂ ಇದ್ದಾರೆ, ಅದು ಮೋಸ. ಆದರೆ ಕೈ ಮುರಿದು, ಕತ್ತಿ ಕಳೆದು, ಕೆನ್ನೆ ಕರಗಿ, ಎರಡು ತಲೆಮಾರು ಆಡಿದ ಬೊಂಬೆಯನ್ನು ಮ್ಯೂಸಿಯಂ ವಸ್ತು ಎಂದು ಅಳುವುದರಲ್ಲಿ ಅರ್ಥವಿಲ್ಲ. ಅಂಥದ್ದಕ್ಕೆ ಬಣ್ಣವೇ ಸರಿ.

*ಈಗ ಮೆಟ್ಟಿಲ ಮೇಲೆ ನಿಮ್ಮ ಜಾಗ ಎಲ್ಲಿ?*

"ಮೂರನೇ ಮೆಟ್ಟಿಲು, ಚಾಮುಂಡಿಯ ಎದುರು. ಕೆಳಗೆ ಪಾರ್ಕು, ರಾಗಿ ಪೈರು, ಕ್ರಿಕೆಟ್ ಮ್ಯಾಚು. ಒಳ್ಳೇ ವ್ಯೂ. ಒಂಬತ್ತು ದಿನವೂ ಸಾಯಬೇಕು, ಅದೊಂದೇ ಕೆಲಸ. ಹೋದ ವರ್ಷ ಒಂದು ಅಚಾತುರ್ಯ ಆಯ್ತು. ನನ್ನ ಸೊಂಟದಲ್ಲಿ ಸ್ಪ್ರಿಂಗ್ ಇದೆ. ತಿರುಗಿಸಿ ಬಿಟ್ಟರೆ ಗುದ್ದುತ್ತೇನೆ, ಕಂಪನಿ ಕೊಟ್ಟ ಗುಣ. ದುರ್ಗಾಷ್ಟಮಿ ದಿನ ಪಕ್ಕದ ಮನೆ ಹುಡುಗ ತಿರುಗಿಸಿ ಕೈ ಬಿಟ್ಟ. ತಾಯಿಯ ತ್ರಿಶೂಲ ಹೋಗಿ ಪಾರ್ಕಿನಲ್ಲಿ ಬಿತ್ತು. ಪುರಾಣವೇ ತಲೆಕೆಳಗು! ಅಜ್ಜಿ ತಪ್ಪುಕಾಣಿಕೆ ಹಾಕಿ, ಸೊಂಟಕ್ಕೆ ಫೆವಿಕ್ವಿಕ್ ಹಾಕಿಸಿದರು. ಈಗ ನಾನು ಸಾತ್ವಿಕ."

*ನಗರದಲ್ಲಿ ಮಹಿಷನನ್ನು ಕೊಂಡಾಡುವ 'ಮಹಿಷ ದಸರಾ' ಬೇಕು–ಬೇಡ ಎಂಬ ಚರ್ಚೆ ಇದೆ. ತಮ್ಮ ನಿಲುವು?*

"ಅದು ಬೆಟ್ಟದ ಮೇಲಿರುವ ದೊಡ್ಡವರ ವಿಷಯ. ನಾನು ಐದೂವರೆ ಇಂಚಿನವನು. ಮುಂದಿನ ಪ್ರಶ್ನೆ."

*ಕೊನೆಯದಾಗಿ, ಮನೆಯಲ್ಲಿ ಬೊಂಬೆಗೆ ಬಣ್ಣ ಬಳಿಯುವ ಓದುಗರಿಗೆ ಏನು ಹೇಳುತ್ತೀರಿ?*

"ಸ್ಪ್ರೇ ಹೊಡೆಯೋದಾದರೆ ಬಾಗಿಲು–ಕಿಟಕಿ ತೆರೆದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಹೊಡೀರಿ. ಮಳೆ ಬರೋ ದಿನ ವಾರ್ನಿಷ್ ಸ್ಪ್ರೇ ಬೇಡ, ಗಾಳಿಯ ತೇವಕ್ಕೆ ಮೇಲೆ ಬಿಳಿ ಮಬ್ಬು ಕೂರುತ್ತೆ. ಬಾಯಿಗೆ ಹಾಕೋ ವಯಸ್ಸಿನ ಮಕ್ಕಳ ಕೈಗೆ ಬಣ್ಣ ಬಳಿದ ಬೊಂಬೆ ಕೊಡಬೇಡಿ. ಇನ್ನೊಂದು ಮಾತು, ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ: ದಸರಾ ಮುಗಿದು ಟ್ರಂಕಿಗೆ ಇಡುವಾಗ ನಮ್ಮನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಬೇಡಿ. ಅಕ್ಷರದ ಶಾಯಿ ಮುಖಕ್ಕೆ ಅಂಟಿ ವರ್ಷವಿಡೀ ಸೆಕೆಗೆ ಹಿಡಿದುಬಿಡುತ್ತೆ. ಹೋದ ಸಲ ನನ್ನ ಬೆನ್ನ ಮೇಲೆ ತಿರುಗುಮುರುಗಾಗಿ ಒಂದು ಸೈಟು ಮಾರಾಟದ ಜಾಹೀರಾತು ಮೂಡಿತ್ತು. ಹಳೇ ಬಿಳಿ ಪಂಚೆಯ ತುಂಡು ಸಾಕು. ನಿಮ್ಮ ಪತ್ರಿಕೆಗೂ ಇದೇ ಮಾತು ಅನ್ವಯ, ಬೇಜಾರು ಮಾಡ್ಕೋಬೇಡಿ."