ಮಾಗಿಯ ಕೈತೋಟ: ಒಂದು ನೆಪಮೀಮಾಂಸೆ

ತುಮಕೂರಿನಿಂದ ಗುಬ್ಬಿ ಸುಮಾರು 20 ಕಿಲೋಮೀಟರ್ ಪಶ್ಚಿಮಕ್ಕಿದೆ; ಕುಣಿಗಲ್ ಹೆಚ್ಚುಕಮ್ಮಿ ಅದರ ಎರಡರಷ್ಟು ದಕ್ಷಿಣಕ್ಕಿದೆ. ಈ ಮೂರು ಬಿಂದುಗಳನ್ನು ಸೇರಿಸಿದರೆ ಒಂದು ತ್ರಿಕೋನ. ಅದರೊಳಗೆ ಕಾರ್ತಿಕದಿಂದ ಶಿವರಾತ್ರಿಯವರೆಗೆ ತಾರಸಿ, ಹಿತ್ತಲು, ಬಚ್ಚಲ ಮಗ್ಗುಲುಗಳಲ್ಲಿ ಬೆಳೆದ ಮತ್ತು ಬೆಳೆಯದ ತರಕಾರಿಗಳೇ ಈ ಪ್ರಬಂಧದ ವಿಷಯ. ಬೆಳೆಯದ ತರಕಾರಿಗಳ ಬಗ್ಗೆ ಸಾಮಗ್ರಿ ಹೇರಳವಾಗಿ ದೊರೆತದ್ದರಿಂದ ಬರವಣಿಗೆ ಆ ಕಡೆಗೇ ವಾಲಿದೆ, ವಿದ್ವಾಂಸರು ಮನ್ನಿಸಬೇಕು.

ಪೂರ್ವಸೂರಿಗಳನ್ನು ನೆನೆಯದೆ ಮುಂದುವರಿಯುವುದು ಸಂಪ್ರದಾಯವಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವಿದೆ, ಅಡುಗೆಯಿದೆ, ನೆಲದೊಳಗೆ ನೀರು ಎಲ್ಲಿದೆ ಎಂದು ಪತ್ತೆ ಹಚ್ಚುವ ವಿದ್ಯೆಯೂ ಇದೆ. ನಲ್ಲಿಯೊಳಗೆ ನೀರು ಯಾವ ದಿನ ಬರುತ್ತದೆ ಎಂದು ಪತ್ತೆ ಹಚ್ಚುವ ವಿದ್ಯೆ ಮಾತ್ರ ಅದರಲ್ಲಿಲ್ಲ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ವ್ಯಾಜ್ಯ ನಡೆದು ತೀರ್ಪು ರಾಗಿಯ ಪರವಾಯಿತು, ರಾಗಿಯ ಹೊಲದಲ್ಲೇ ಅಕ್ಕಡಿ ಸಾಲಾಗಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡ ಅವರೆಯನ್ನು ಸಾಕ್ಷಿಗೂ ಕರೆಯಲಿಲ್ಲ. ಆ ಅನ್ಯಾಯ ಸರಿಪಡಿಸುವ ಹೊಣೆ ಶತಮಾನಗಳ ಮೇಲೆ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರ ಹೆಗಲಿಗೆ ಬಿದ್ದಿದೆ. ಪ್ರಯೋಗಕ್ಷೇತ್ರ: ತುಮಕೂರಿನಲ್ಲಿ ಮೂವತ್ತು ನಲವತ್ತರ ಸೈಟಿನ ಮೇಲಿನ ತಾರಸಿ, ಒಣಹಾಕಿದ ಬಟ್ಟೆಗಳನ್ನು ಕಳೆದು.

ಇನ್ನು ‘ಚಳಿಗಾಲ’ ಎಂಬ ಪದದ ಅರ್ಥನಿಷ್ಕರ್ಷೆ. ಹಿಮ ಬೀಳುವ ದೇಶಗಳಲ್ಲಿ ನೆಲವೇ ಕಲ್ಲಾಗುತ್ತದೆ. ಅಲ್ಲಿಯವರು ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ಸೊಪ್ಪು ಬೆಳೆಯುತ್ತಿದ್ದರು; ಕೆಳಗೆ ಹಸಿ ಕುದುರೆ ಲದ್ದಿ ತುಂಬಿ, ಅದು ಕೊಳೆಯುವಾಗ ಏಳುವ ಕಾವಿನಿಂದ ಬೇರನ್ನು ಬೆಚ್ಚಗಿಡುತ್ತಿದ್ದರು. ನಮ್ಮದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಊರು. ಡಿಸೆಂಬರ್, ಜನವರಿಯಲ್ಲಿ ರಾತ್ರಿ 15 ಡಿಗ್ರಿ ಆಸುಪಾಸು, ಮಧ್ಯಾಹ್ನ 27–28. ಬೆಳಿಗ್ಗೆ ಆರಕ್ಕೆ ಮಂಕಿ ಕ್ಯಾಪು, ಮಫ್ಲರು ಸುತ್ತಿಕೊಂಡು ಅಮಾನಿಕೆರೆ ಕಡೆ ವಾಕಿಂಗ್ ಹೊರಟವನು ಹನ್ನೊಂದಕ್ಕೆ ಮನೆಯಲ್ಲಿ ಫ್ಯಾನ್ ಹಾಕುತ್ತಾನೆ. ಇದನ್ನು ಚಳಿ ಎಂದು ಕರೆಯುವುದು ವ್ಯಾಕರಣಸಮ್ಮತವಾದರೂ ತರ್ಕಸಮ್ಮತವಲ್ಲ.

ಶಾಸ್ತ್ರದ ಮೂಲ ಸಂಕಟವಿರುವುದೂ ಇಲ್ಲೇ. ಹಿಮದ ದೇಶದ ತೋಟಗಾರ ಒಂದೂ ಮೂಲಂಗಿ ಕೀಳಲಿಲ್ಲವೆಂದರೆ ‘ಹಿಮ ಬಿತ್ತು’ ಎನ್ನುತ್ತಾನೆ. ಕೇಳಿದವರು ಟೋಪಿ ತೆಗೆದು ಸಂತಾಪ ಸೂಚಿಸುತ್ತಾರೆ. ನಮ್ಮ ಚಳಿ ಯಾವ ಗಿಡವನ್ನೂ ಕೊಲ್ಲುವುದಿಲ್ಲ. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ, ನವಿಲುಕೋಸು, ಬಟಾಣಿ ಎಲ್ಲಕ್ಕೂ ಇದೇ ಹಿತ. ಹವೆ ನಿರ್ದೋಷಿಯೆಂದು ಬಿಡುಗಡೆಯಾದ ಮೇಲೆ ಕಟಕಟೆಯಲ್ಲಿ ಉಳಿಯುವವನು ಬೆಳೆದವನೊಬ್ಬನೇ. ಈ ಅಪಾಯದಿಂದ ಪಾರಾಗಲು ಮೂರೂ ಊರಿನವರು ಕಟ್ಟಿಕೊಂಡದ್ದೇ ನೆಪಶಾಸ್ತ್ರ. ಅದರ ಆದ್ಯಸೂತ್ರವನ್ನು ನಾನೇ ರಚಿಸಿದ್ದೇನೆ: ‘ಬಾರದ್ದಕ್ಕೆ ಕಾರಣವುಂಟು, ಬಂದದ್ದಕ್ಕೆ ನಾನೇ ಕಾರಣ.’

ತುಮಕೂರು ಪಂಥ ಗಣಿತಪ್ರಧಾನವಾದದ್ದು. ನಮ್ಮೂರು ಉತ್ತರಕ್ಕೆ ಸುಮಾರು 13.3 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಡಿಸೆಂಬರ್ 21ರಂದು ನಡುಮಧ್ಯಾಹ್ನವೂ ಸೂರ್ಯ 53 ಡಿಗ್ರಿಗಿಂತ ಮೇಲೇರುವುದಿಲ್ಲ. ತೆಂಕಣ ದಿಕ್ಕಿನಲ್ಲಿ 10 ಅಡಿ ಎತ್ತರದ ಅಡ್ಡಿಯಿದ್ದರೆ ಏಳೂವರೆ ಅಡಿ ನೆರಳು. ತರಕಾರಿಗೆ ದಿನಕ್ಕೆ ಆರು ಗಂಟೆ ಬಿಸಿಲಾದರೂ ಬೇಕು. ನಮ್ಮ ತೆಂಕಣ ದಿಕ್ಕಿನಲ್ಲಿ ಪಕ್ಕದ ಮನೆಯವರ ಕಪ್ಪು ನೀರಿನ ಟ್ಯಾಂಕಿದೆ. ಇಷ್ಟು ಸಿದ್ಧವಾದ ಮೇಲೆ ನಾನು ನಿಶ್ಚಿಂತೆಯಿಂದ ಮೂಲಂಗಿ ಬಿತ್ತಿದೆ. ತಳಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಶಾಂತ್’. ಬೆಂಡಾಗುವುದಿಲ್ಲ, ಹೊತ್ತಿಗೆ ಮುಂಚೆ ಹೂವಿಗೆ ಹೋಗುವುದಿಲ್ಲ, ಕವಲೊಡೆಯುವುದಿಲ್ಲ ಎಂಬುದು ಅದರ ಕೀರ್ತಿ. ನಲವತ್ತೈದನೆಯ ದಿನ ಕಿತ್ತಾಗ ಒಂದಕ್ಕೆ ಎರಡು ಕಾಲು, ಇನ್ನೊಂದಕ್ಕೆ ಮೂರು, ಮತ್ತೊಂದು ಪದ್ಮಾಸನ ಹಾಕಿ ಕೂತಿತ್ತು. ತಪ್ಪು ತಳಿಯದಲ್ಲ. ಜಲ್ಲಿಕಲ್ಲು ಬೆರೆತ ಮಣ್ಣು, ಕಳಿಯದ ಗೊಬ್ಬರ, ಎರಡೂ ಇದ್ದಲ್ಲಿ ಮೂಲಂಗಿ ನೇರ ಇಳಿಯಲಾರದೆ ದಾರಿ ಹುಡುಕುತ್ತ ಕವಲಾಗುತ್ತದೆ. ಇದನ್ನು ಬಲ್ಲೆನಾದರೂ ಮನೆಯಾಕೆಗೆ ಹೇಳಿದ್ದು ಬೇರೆ: ‘ಅರ್ಕ ಅಂದರೆ ಸೂರ್ಯ. ಟ್ಯಾಂಕಿನ ಹಿಂದೆ ಅವನೇ ಇಲ್ಲ. ಹೆಸರಿಗೆ ತಕ್ಕ ಹಾಗೆ ಬೆಳೆಯೋದು ಹೇಗೆ?’ ಆಕೆ ಪದ್ಮಾಸನದ ಮೂಲಂಗಿಯನ್ನು ದೇವರ ಮನೆಯಲ್ಲಿಡಲೋ ಹುಳಿಗೆ ಹಾಕಲೋ ಎಂದಷ್ಟೇ ಕೇಳಿದಳು.

(ಕೊತ್ತಂಬರಿಯ ವಿಚಾರ ಇಲ್ಲಿ ಚರ್ಚಿಸುತ್ತಿಲ್ಲ. ಧನಿಯದ ಒಂದೊಂದು ಕಾಳಿನಲ್ಲೂ ಎರಡು ಬೀಜವಿರುವುದರಿಂದ ಅದನ್ನು ಚಪ್ಪಲಿಯಲ್ಲಿ ಉಜ್ಜಿ ಹೋಳು ಮಾಡಿ ಬಿತ್ತಬೇಕು. ವಾಕಿಂಗ್ ಬೂಟಿನಲ್ಲಿ ಉಜ್ಜಿದರೆ ಧನಿಯದ ಪುಡಿಯಾಗುತ್ತದೆ ಎಂಬುದೊಂದೇ ನನ್ನ ಸಂಶೋಧನೆಯ ಕೊಡುಗೆ.)

ಗುಬ್ಬಿ ಪಂಥ ರಸಪ್ರಧಾನವಾದದ್ದು. ಅಲ್ಲಿ ನನ್ನ ಷಡ್ಡಕನ ಹಿತ್ತಲಿದೆ. 1884ರಲ್ಲಿ ನಾಟಕ ಕಂಪನಿ ಕಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕಿಳಿಸಿದ ಊರಿನವನು ಬರಿಯ ನೆರಳಿನ ಲೆಕ್ಕಕ್ಕೆ ತೃಪ್ತನಾಗುವುದುಂಟೇ? ಅವನು ಬೆಂಗಳೂರಿನಿಂದ ‘ಸ್ನೋಬಾಲ್’ ಹೂಕೋಸಿನ ಬೀಜದ ಪೊಟ್ಟಣ ತಂದ. ಆ ಗುಂಪಿನ ಹೂಕೋಸು ಹೂಗಡ್ಡೆ ಕಟ್ಟಬೇಕಾದರೆ 10ರಿಂದ 16 ಡಿಗ್ರಿಯ ತಂಪು ಬೇಕು. ಗುಬ್ಬಿಯ ಮಧ್ಯಾಹ್ನ ಆ ಮಾತನ್ನು ಕೇಳಿಯೂ ಇಲ್ಲ. ಹೀಗಾಗಿ ಎಲೆ ಬಂತು, ಮತ್ತೆ ಎಲೆ ಬಂತು, ಎಲೆಯ ನಡುವೆ ಇಣುಕಿ ನೋಡಿದರೆ ಇನ್ನೊಂದು ಎಲೆ. ಷಡ್ಡಕ ಕಂಗೆಟ್ಟಿದ್ದ. ಅಷ್ಟರಲ್ಲಿ ಒಂದು ಮುಂಜಾನೆ ತೆಂಗಿನ ತೋಟದ ಕಡೆಯಿಂದ ನಾಲ್ಕು ನವಿಲು ಬಂದು ಹೂಕೋಸಿನ ಎಲೆಯನ್ನೂ ಪಕ್ಕದ ನವಿಲುಕೋಸಿನ ಸಸಿಗಳನ್ನೂ ಬುಡಮಟ್ಟ ಮುಗಿಸಿದವು. ಫೋನಿನಲ್ಲಿ ಈ ಅನಾಹುತ ತಿಳಿಸಿದ ಅವನ ದನಿಯಲ್ಲಿ ಹಬ್ಬದ ಸಡಗರವಿತ್ತು. ‘ಒಂದು ಕಲ್ಲೂ ಎಸೆಯೋ ಹಾಗಿಲ್ಲ ಭಾವ! ರಾಷ್ಟ್ರಪಕ್ಷಿ!’ ನವಿಲು ರಾಷ್ಟ್ರಪಕ್ಷಿಯಾದದ್ದು 1963ರಲ್ಲಿ; ವನ್ಯಜೀವಿ ರಕ್ಷಣೆಯ ಕಾಯಿದೆ ಬಂದದ್ದು 1972ರಲ್ಲಿ. ಕೇಂದ್ರ ಸರ್ಕಾರದ ಮುದ್ರೆಯಿರುವ ಇಂಥ ನೆಪದ ಮುಂದೆ ನನ್ನ ಟ್ಯಾಂಕು ತೀರಾ ಖಾಸಗಿ ಎನಿಸಿ ಹೊಟ್ಟೆಕಿಚ್ಚಾಯಿತು. ಜೊತೆಗೆ ‘ನವಿಲುಕೋಸು’ ಪದದ ನಿಷ್ಪತ್ತಿಯನ್ನೂ ತಿದ್ದಿಕೊಳ್ಳಬೇಕಾಯಿತು: ನವಿಲಿನ ಕೋಸು, ಷಷ್ಠೀ ತತ್ಪುರುಷ, ಒಡೆತನದ ಅರ್ಥದಲ್ಲಿ.

ಕುಣಿಗಲ್ ಕೆರೆಯ ಮೇಲೆ ಜನಪದ ಹಾಡಿದೆ. ಕುಣಿಗಲ್ ಲದ್ದಿಯ ಮೇಲೆ ಯಾರೂ ಹಾಡಿಲ್ಲ. ಟಿಪ್ಪುವಿನ ಕಾಲದಿಂದ ನಡೆದುಬಂದದ್ದೆಂದು ಹೇಳುವ ಕುದುರೆ ಫಾರಂ ಇರುವ ಊರಿನಲ್ಲಿ ಈ ಮೌನ ಅಚ್ಚರಿಯದು. ಅಲ್ಲಿರುವ ನನ್ನ ಭಾವಮೈದ ಒಬ್ಬ ಪರಿಚಯದವರ ಲಾಯದಿಂದ ಎರಡು ಸಿಮೆಂಟು ಚೀಲ ಲದ್ದಿ ಕಳಿಸಿಕೊಟ್ಟ. ರೇಸು ಗೆದ್ದ ವಂಶದ್ದು ಎಂದು ಅಪ್ಪ, ಅಜ್ಜ, ಮುತ್ತಜ್ಜನವರೆಗೂ ಹೇಳಿದ, ಕುದುರೆಯ ಕಡೆಯಿಂದ. ಹಿಮದ ದೇಶದವರು ಬೇಡಿ ಪಡೆಯುತ್ತಿದ್ದ ವಸ್ತು ನಮ್ಮ ಮಗ್ಗುಲಲ್ಲೇ ಇದೆ. ಅದಕ್ಕೆ ಒಪ್ಪುವ ಚಳಿ ಮಾತ್ರ ಇಲ್ಲ. ಹಸಿ ಲದ್ದಿಯ ರಾಶಿ ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಅದನ್ನು ಹಾಗೇ ಕುಂಡಗಳಿಗೆ ತುಂಬಿ ಮೆಂತ್ಯದ ಬೇರನ್ನು ಬೇಯಿಸಿ ಬಸಿದೆ. ಭಾವಮೈದನನ್ನು ಕೇಳಿದರೆ, ‘ಮೂರ್ನಾಲ್ಕು ತಿಂಗಳು ಕಳೀಬೇಕಿತ್ತು ಭಾವ, ಮುಂದಿನ ವರ್ಷ ನೋಡಿ’ ಎಂದ. ಅವನ ಹಿತ್ತಲಲ್ಲಿ ಆರು ವರ್ಷದಿಂದ ಏನೂ ಬೆಳೆದಿಲ್ಲ. ಆರು ವರ್ಷದಿಂದ ಗೊಬ್ಬರ ಕಳಿಯುತ್ತಿದೆ. ಆದ್ದರಿಂದ ಕುಣಿಗಲ್ ಪಂಥವನ್ನು ಭವಿಷ್ಯವಾದವೆಂದು ವರ್ಗೀಕರಿಸಿದ್ದೇನೆ.

ಉಳಿದ ಲದ್ದಿಯನ್ನು ಅವರೆಗೆ ಹಾಕಿದೆ. ಪ್ರಬಂಧದ ಹೃದಯಭಾಗ ಇದೇ.

ಅವರೆ ಕ್ಯಾಲೆಂಡರ್ ಬಲ್ಲ ಗಿಡ. ಹಗಲು ಕಿರಿದಾಗಿ ಇರುಳು ಹಿರಿದಾಗುವುದನ್ನು ಎಣಿಸಿ ಹೂ ಬಿಡುತ್ತದೆ. ತುಮಕೂರಿನಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರಿನ ಹಗಲಿಗೂ ಇರುವ ಅಂತರ ಹೆಚ್ಚೆಂದರೆ ಒಂದೂವರೆ ಗಂಟೆ. ನಮ್ಮಲ್ಲಿ ಬಹಳ ಜನ ಬಸ್ಸಿಗೆ ಅಷ್ಟು ತಡವಾದರೂ ಗಮನಿಸುವುದಿಲ್ಲ, ಅವರೆ ಗಮನಿಸುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಎಚ್‌ಎ-3, ಎಚ್‌ಎ-4 ತಳಿಗಳಲ್ಲಿ ಈ ಎಣಿಕೆಯನ್ನೇ ಬಿಡಿಸಿ, ವರ್ಷವಿಡೀ ಕಾಯಿ ಬಿಡುವಂತೆ ಮಾಡಿದ್ದಾರೆ. ಅದರಲ್ಲಿ ಸೊಗಡಿಲ್ಲ ಎಂದು ಹಳಬರು ಮೂಗು ಮುರಿಯುತ್ತಾರೆ. ಸೊಗಡೆಂದರೆ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಅಂಟು. ಇಬ್ಬನಿ ಬಿದ್ದರೇ ಅದು ಏರುವುದು ಎನ್ನುತ್ತಾರೆ. ಸುಲಿದವನ ಬೆರಳಿನಲ್ಲಿ ಅದು ಎರಡು ದಿನ ಇರುತ್ತದೆ, ಸುಲಿದವನು ಅದನ್ನು ತೊಳೆಯಲು ಬಯಸುವುದೂ ಇಲ್ಲ.

ನಮ್ಮ ಅವರೆ ಬಳ್ಳಿ ತಾರಸಿಯಿಂದ ಇಳಿದು ಬೀದಿಯವರೆಗೆ ಹಬ್ಬಿತು. ಹೂವಿಲ್ಲ. ಹಿಂದಿನ ಬೀದಿಯ ಅಜ್ಜಿ ನೋಡಿ, ‘ಬಳ್ಳಿ ಸೊಕ್ಕೈತೆ ಮೇಷ್ಟ್ರೇ, ಗೊಬ್ಬರ ಯಾಕ್ ಆಕುದ್ರಿ? ವಸಿ ಒಣಗಾಕಿ’ ಎಂದರು. ಬೇರುಗಂಟಿನಲ್ಲೇ ಸಾರಜನಕ ಕೂಡಿಡುವ ಗಿಡಕ್ಕೆ ರೇಸು ಕುದುರೆಯ ಗೊಬ್ಬರ ಸುರಿದರೆ ಅದು ಓಡುತ್ತದೆ, ನಿಂತು ಕಾಯಿ ಬಿಡುವುದಿಲ್ಲ. ಆದರೆ ಅಷ್ಟು ಸುಲಭವಾದ ಕಾರಣವನ್ನು ಒಪ್ಪಿದರೆ ಶಾಸ್ತ್ರದ ಗತಿಯೇನು? ನನ್ನ ಕಣ್ಣು ಮನೆ ಮುಂದಿನ ಬೀದಿದೀಪದ ಮೇಲೆ ಬಿತ್ತು. ಇರುಳನ್ನೆಣಿಸುವ ಗಿಡಕ್ಕೆ ನಡುರಾತ್ರಿ ಬೆಳಕು ಬಿದ್ದರೆ ಎಣಿಕೆ ತಪ್ಪುತ್ತದೆ, ಇದು ವಿಜ್ಞಾನ. ಸಂಬಂಧಪಟ್ಟ ಕಚೇರಿಗೆ ನಾಲ್ಕು ಪುಟದ ಅರ್ಜಿ ಬರೆದೆ: ಅವರೆ ಹೂ ಬಿಡುವ ತನಕ ಸದರಿ ಕಂಬದ ದೀಪವನ್ನು ಆರಿಸಿಡಬೇಕಾಗಿ ಪ್ರಾರ್ಥನೆ. ವಾರದೊಳಗೆ ಏಣಿಯ ಗಾಡಿ ಬಂತು. ಹತ್ತಿದ ಹುಡುಗ ಕೆಳಗಿಳಿದು, ‘ದಸರಾದಿಂದ ಕೆಟ್ಟಿತ್ತು ಸಾರ್, ಈಗ ಸರಿ ಮಾಡಿದೀನಿ’ ಎಂದು ಸಹಿ ಹಾಕಿಸಿಕೊಂಡು ಹೋದ. ಆ ರಾತ್ರಿಯಿಂದ ನಮ್ಮ ಬೀದಿಯಲ್ಲಿ ಸೂಜಿ ಬಿದ್ದರೂ ಕಾಣುವಷ್ಟು ಬೆಳಕು. ಬೀದಿಯವರು ಬಂದು ಅಭಿನಂದಿಸಿದರು.

ಅಜ್ಜಿಯ ಅವರೆ ಹಿತ್ತಲ ಬೇಲಿಯ ಮೇಲಿದೆ. ಆಷಾಢದಲ್ಲಿ ನಾಲ್ಕು ಕಾಳು ಊರಿದ್ದರಂತೆ, ಆಮೇಲೆ ಮರೆತರಂತೆ. ಧನುರ್ಮಾಸದಲ್ಲಿ ಅವರು ಒಂದು ಸ್ಟೀಲ್ ಡಬರಿ ತುಂಬ ಹಿತಕಿದ ಬೇಳೆ ಸಾರು ಕೊಟ್ಟು ಕಳಿಸಿದರು. ಬಿಸಿ ಮುದ್ದೆಯ ಜೊತೆ ಅದನ್ನು ಉಂಡ ರಾತ್ರಿ ಈ ಪ್ರಬಂಧವನ್ನು ಕೈಬಿಡುವ ಯೋಚನೆಯೂ ಬಂದಿತ್ತು. ತೊಂದರೆ ಆಮೇಲೆ ಶುರುವಾಯಿತು. ಕೊಟ್ಟ ಪಾತ್ರೆಯನ್ನು ಬರಿದು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಮನೆಯಾಕೆ ಸಕ್ಕರೆ ಹಾಕಿ ಕೊಟ್ಟುಬಿಡೋಣ ಎಂದಳು. ತಾರಸಿಯಲ್ಲಿ ಬೆಳೆದದ್ದನ್ನೇ ಹಾಕಿ ಕೊಡಬೇಕೆಂದು ನಾನು ಹಟ ಹಿಡಿದೆ. ಸಂಕ್ರಾಂತಿ ಹೋಯಿತು, ರಥಸಪ್ತಮಿ ಹೋಯಿತು. ‘ಡಬರಿ ಎಲ್ಲೈತೆ ಮೇಷ್ಟ್ರೇ?’ ಎಂದು ಅಜ್ಜಿ ನಿನ್ನೆ ಮೂರನೆಯ ಸಲ ಕೇಳಿದರು.

ಡಬರಿ ತಾರಸಿಯಲ್ಲಿದೆ. ತಳದಲ್ಲಿ ಡ್ರಿಲ್ಲಿನಿಂದ ಐದು ತೂತು ಕೊರೆಸಿ, ಜರಡಿ ಹಿಡಿದ ಮಣ್ಣು ತುಂಬಿ, ಬಿಸಿಲು ಬೀಳುವ ಮೂಲೆಯಲ್ಲಿಟ್ಟು ಮೆಂತ್ಯ ಬಿತ್ತಿದ್ದೇನೆ. ನಾಲ್ಕನೆಯ ದಿನಕ್ಕೆ ಮೊಳಕೆ ಬಂದಿದೆ. ಮನೆಯಾಕೆ ಇನ್ನೂ ಮೇಲೆ ಹತ್ತಿ ನೋಡಿಲ್ಲ.