ಹೆಕ್ಕುವವನ ಕುವೈತ್

ಕುವೈತ್‌ನಲ್ಲಿ ವಾಕಿಂಗ್ ಹೋಗುವವರಲ್ಲಿ ಎರಡು ಜಾತಿ. ಮುಂದೆ ನೋಡಿ ನಡೆಯುವವರ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ. ನೆಲ ನೋಡಿ ನಡೆಯುವವರ ಬಾಲ್ಕನಿ ಹತೋಟಿ ತಪ್ಪುತ್ತದೆ. ನನ್ನದು ಎರಡನೆಯ ಜಾತಿ.

ದಕ್ಷಿಣ ಕನ್ನಡದಲ್ಲಿ ಹುಟ್ಟಿದವನಿಗೆ ಇದು ಕಲಿತ ವಿದ್ಯೆಯಲ್ಲ. ಹಲಸಿನ ಎಲೆ ಸೀಳಿ ದಾರ ಕಟ್ಟಿದರೆ ಎತ್ತು, ತೆಂಗಿನ ಗರಿ ಸುತ್ತಿದರೆ ಪೀಪಿ, ಅಡಿಕೆ ಹಾಳೆ ಬಿದ್ದರೆ ಒಬ್ಬ ಕೂತು ಇನ್ನೊಬ್ಬ ಎಳೆಯುವ ಬಂಡಿ. ಅದೇ ಹಾಳೆಯನ್ನು ಕತ್ತರಿಸಿ ತಲೆಗೆ ಕಟ್ಟಿಕೊಂಡವನು ಯಕ್ಷಗಾನದ ರಾಜ. ರಾಜನ ಕಿರೀಟವನ್ನು ದನ ತಿಂದರೂ ಚಿಂತೆಯಿರಲಿಲ್ಲ, ತೋಟದಲ್ಲಿ ಇನ್ನೊಂದು ಬಿದ್ದಿರುತ್ತಿತ್ತು. ಇಷ್ಟು ಅಗ್ಗವಾದರೆ ಕಲೆಗೆ ಮರ್ಯಾದೆ ಎಲ್ಲಿಂದ ಬರಬೇಕು? ಕುವೈತ್‌ನ ಸಾಲ್ಮಿಯಾಕ್ಕೆ ಬಂದ ಮೇಲೆ ಬಂತು. ಇಲ್ಲಿ ರಸ್ತೆಬದಿಯ ಗಿಡಗಳ ಬುಡಕ್ಕೆಲ್ಲ ಕಪ್ಪು ಪೈಪು ಹರಿದು, ಹನಿ ಹನಿ ನೀರು ಕುಡಿಸಿ ಸಾಕುತ್ತಾರೆ. ಹಾಗೆ ಬೆಳೆದ ಎಲೆ ಉದುರಿದರೆ ಬಗ್ಗಿ ಎತ್ತಿಕೊಳ್ಳದಿರುವುದು ಹೇಗೆ?

ಹೆಕ್ಕುವುದಕ್ಕೂ ಕಾಲ ಕೂಡಿಬರಬೇಕು. 2016ರ ಜುಲೈ 21ರಂದು ಇಲ್ಲಿಯ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಅಂಥ ತಿಂಗಳಲ್ಲಿ ಜನ ಮಾಲ್‌ಗಳೊಳಗೆ ವಾಕಿಂಗ್ ಮಾಡುತ್ತಾರೆ. ಅಲ್ಲಿ ಎಲೆ ಉದುರುವುದಿಲ್ಲ, ಪ್ಲಾಸ್ಟಿಕ್ಕಿನದು. ನವೆಂಬರ್ ಬಂದರೆ ಮಾತ್ರ ನಮ್ಮಂಥವರಿಗೆ ಸುಗ್ಗಿ.

ಮರುಭೂಮಿಗೆ ಹೋದಾಗ ಕೈ ಕಟ್ಟಿಕೊಂಡಿರುವುದೇ ಕ್ಷೇಮ. ವಸಂತದಲ್ಲಿ ಹಳದಿ ಹೂ ಬಿಡುವ ಅರ್ಫಜ್ ಈ ದೇಶದ ರಾಷ್ಟ್ರೀಯ ಹೂವು; ಕಾಡುಗಿಡ ಕಿತ್ತರೆ ಕಾನೂನು ಸುಮ್ಮನಿರುವುದಿಲ್ಲ. ಇನ್ನು ಮರಳಿನಲ್ಲಿ ಏನಾದರೂ ಲೋಹದ್ದು ಹೊಳೆದರೆ ಅದು 1990–91ರ ಕೊಲ್ಲಿ ಯುದ್ಧದಲ್ಲಿ ಸಿಡಿಯದೆ ಉಳಿದದ್ದಿರಬಹುದು. ಅದರಿಂದ ಕಲಾಕೃತಿ ಮಾಡಲು ಹೊರಟವನೇ ಚದುರಿದ ಕಲಾಕೃತಿಯಾದಾನು. ಹಾಗಾಗಿ ನನ್ನದು ಕಡಲ ದಂಡೆ ಮತ್ತು ಫುಟ್‌ಪಾತ್. ಉದುರಿದ್ದು ಮಾತ್ರ, ಕಿತ್ತದ್ದಲ್ಲ.

ದಂಡೆಯಲ್ಲಿ ಚಿಪ್ಪುಗಳ ಜೊತೆ ಬೊಂಡಾಸ್ ಜಾತಿಯ ಕಡಲಜೀವಿಯ ಒಳಚಿಪ್ಪು ಸಿಗುತ್ತದೆ. ನಮ್ಮ ವೈದ್ಯರು ಸಮುದ್ರಫೇನ ಎನ್ನುವ ಅದೇ ಬಿಳಿ, ಹಗುರ ವಸ್ತು. ಉಗುರಿನಿಂದಲೇ ಕೆತ್ತಬಹುದು, ರಾಕ್ಷಸನ ಕೋರೆಹಲ್ಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬೇರು ಚಾಚಿ ಪೈಪು ಒಡೆಯುತ್ತದೆಂದು ಎಲ್ಲರಿಂದ ಬೈಸಿಕೊಳ್ಳುವ ಕೋನೋಕಾರ್ಪಸ್ ಗಿಡ ಪುಟ್ಟ ಗುಂಡು ಕಾಯಿ ಉದುರಿಸಿ ಕಣ್ಣುಗಳನ್ನು ಒದಗಿಸುತ್ತದೆ. ಮೀಸೆ, ಗಡ್ಡ, ಜಟೆ ಎಲ್ಲ ಖರ್ಜೂರದ ನಾರು.

ಖರ್ಜೂರದ ಮರ ಕೊಡುವುದು ಅಷ್ಟೇ ಅಲ್ಲ. ಚಳಿ ಇಳಿಯುವ ಹೊತ್ತಿಗೆ ಕೆಲಸಗಾರರು ಮರ ಹತ್ತಿ, ಗಂಡು ಮರದ ಹೂವಿನ ಎಳೆಗಳನ್ನು ಹೆಣ್ಣು ಮರದ ಗೊಂಚಲ ನಡುವೆ ಸಿಕ್ಕಿಸುತ್ತಾರೆ. ಗಾಳಿಯೊಂದನ್ನೇ ನಂಬಿದರೆ ಫಸಲು ಕೈಗೆ ಬರುವುದಿಲ್ಲ. ಆಗ ಹೊಂಬಾಳೆಯ ಕವಚಗಳು ಕೆಳಗೆ ಬೀಳುತ್ತವೆ. ಒಣಗಿದ ಕವಚವೆಂದರೆ ಮೂತಿ ಚೂಪಾದ ದೋಣಿಯೇ. ಕುವೈತಿನ ಹಿರಿಯರು ಖರ್ಜೂರದ ದಂಟುಗಳನ್ನು ಹಗ್ಗದಿಂದ ಬಿಗಿದು ‘ವರ್ಜಿಯಾ’ ಎಂಬ ನಿಜವಾದ ದೋಣಿ ಮಾಡಿ ಮೀನು ಹಿಡಿಯುತ್ತಿದ್ದರು. ದೊಡ್ಡ ಹಡಗಿಗೆ ಮಾತ್ರ ಮಲಬಾರಿನ ತೇಗ ತರಿಸುತ್ತಿದ್ದರು. ನನ್ನ ಕವಚದ ದೋಣಿ ನೀರಿಗಿಳಿದಿಲ್ಲ ಎಂದು ಮಗಳು ಹಂಗಿಸಿದಾಗ ಅವಳನ್ನು ರ‍್ಯಾಡಿಸನ್ ಬ್ಲೂ ಹೋಟೆಲಿನ ಪಕ್ಕ ಕರೆದೊಯ್ದೆ. ಅಲ್ಲಿ ನಿಂತಿರುವ ಅಲ್ ಹಾಶಿಮಿ-2, 80 ಮೀಟರಿಗೂ ಹೆಚ್ಚು ಉದ್ದದ ಮರದ ಹಡಗು. ಅಷ್ಟು ದೊಡ್ಡದೇ ನೆಲದ ಮೇಲಿದೆ, ನನ್ನದೇನು ಮಹಾ?

ಹೆಂಡತಿಯನ್ನು ಹಾಗೆ ಹಡಗು ತೋರಿಸಿ ಸುಮ್ಮನಾಗಿಸಲಾಗದು. ಕಲಾವಿದ ಅವನೀಂದ್ರನಾಥ ಟಾಗೋರರು ಇಳಿವಯಸ್ಸಿನಲ್ಲಿ ಬಿದ್ದ ಕಡ್ಡಿ, ಬೇರುಗಳಿಂದ ‘ಕಾಟುಂ-ಕುಟುಂ’ ಎಂಬ ಬೊಂಬೆ ಮಾಡುತ್ತಿದ್ದರು ಎಂದು ಗಾಂಭೀರ್ಯದಿಂದ ತಿಳಿಸಿದೆ.

“ರೀ, ಅವರು ಮೊದಲು ಚಿತ್ರ ಬರೆದು ಹೆಸರು ಮಾಡಿ ಆಮೇಲೆ ಕಡ್ಡಿ ಹೆಕ್ಕಿದ್ದು. ನೀವು ಸೀದಾ ಕಡ್ಡಿಗೇ ಇಳಿದಿರಿ.”

ಬಾಲ್ಕನಿಯ ಬಾಗಿಲು ಅರ್ಧಕ್ಕೇ ನಿಲ್ಲತೊಡಗಿದಾಗ ನನ್ನ ಯಕ್ಷಗಾನದ ರಾಜ ಲಿಫ್ಟಿನ ಪಕ್ಕಕ್ಕೆ ಬಂದ. ಖರ್ಜೂರದ ಕವಚದ ಕಿರೀಟ, ಚಿಪ್ಪಿನ ಕರ್ಣಕುಂಡಲ, ನಾರಿನ ಮೀಸೆ. ಮರುದಿನ ಕಟ್ಟಡದ ಹಾರಿಸ್ ಬಂದು ನಿಂತ. ಈಜಿಪ್ಟಿನವನು. ಗಲ್ಫಿನಲ್ಲಿ ಹಾರಿಸ್ ಎಂದರೆ ಬರೀ ಕಾವಲುಗಾರನಲ್ಲ. ಬಾಡಿಗೆ, ನೀರು, ಪಾರ್ಕಿಂಗ್ ಎಲ್ಲಕ್ಕೂ ಅವನ ಮುಖ ನೋಡಬೇಕು. ರಾಜನನ್ನು ಮೇಲಿಂದ ಕೆಳಗೆ ನೋಡಿ, “ಏ ದಾ?” ಎಂದ. ಇದೇನು ಎನ್ನುವುದಕ್ಕೆ ಉತ್ತರ ಕನ್ನಡದಲ್ಲೇ ಕಷ್ಟ, ನನ್ನ ಅರಬ್ಬಿಯಲ್ಲಿ ಕೇಳಬೇಕೆ? ಕೈ ಎತ್ತಿ, ಎರಡು ಹೆಜ್ಜೆ ಕುಣಿದು ತೋರಿಸಿದೆ. ಅವನು ನಗಲಿಲ್ಲ. ನನ್ನ ಚೀಲದಿಂದ ಒಂದು ಗರಿ ಎಳೆದು, ಸೀಳಿ, ಮಡಚಿ, ಹೆಣೆದು, ನನ್ನ ಕುಣಿತದ ಏದುಸಿರು ಇಳಿಯುವುದರೊಳಗೆ ಒಂದು ಕತ್ತೆಯನ್ನು ಅಂಗೈಮೇಲೆ ನಿಲ್ಲಿಸಿದ. ಅವರ ದೇಶದ ಕೋಪ್ಟಿಕ್ ಕ್ರೈಸ್ತರು ಗರಿಗಳ ಭಾನುವಾರಕ್ಕೆ ಇಂಥವನ್ನು ಹೆಣೆಯುತ್ತಾರೆ. ಇವನ ಬೆರಳಿಗೆ ಅದು ಚಿಕ್ಕಂದಿನ ಅಭ್ಯಾಸ.

ಅಂದಿನಿಂದ ಮರ ಸವರಿದ ಗರಿಗಳೆಲ್ಲ ನಮ್ಮ ಮನೆ ಬಾಗಿಲಿಗೇ ಬಂದು ಬೀಳತೊಡಗಿದವು. ಒಂದು ಸಂಜೆ ಹೆಂಡತಿ ಫೋನು ಮಾಡಿ, “ಇದು ಒಳಗೆ ಬರುವುದಾದರೆ ನೀವು ಹೊರಗೆ,” ಎಂದಳು. ಹಾಗಾಗಿ ಕಾರ್ಖಾನೆ ಬೇಸ್‌ಮೆಂಟಿಗೆ ವರ್ಗವಾಗಿದೆ. ಹಾರಿಸನೇ ಮೇಸ್ತ್ರಿ. ನಾನು ಹೆಣೆದದ್ದನ್ನು ಕಿತ್ತುಕೊಂಡು, ಬಿಗಿ ಸಾಲದೆಂದು ಕಣ್ಣೆದುರೇ ಬಿಚ್ಚಿಹಾಕುತ್ತಾನೆ. ಆಫೀಸಿನಲ್ಲಿ ನನ್ನ ಕೈಕೆಳಗೂ ಜನರಿದ್ದಾರೆ. ಇಲ್ಲಿ ಮಾತ್ರ ಸದ್ಯಕ್ಕೆ ಕತ್ತೆಯ ಕಿವಿಗಳನ್ನಷ್ಟೇ ನನಗೆ ವಹಿಸಿದ್ದಾನೆ. ಬಾಲಕ್ಕೆ ಇನ್ನೂ ಬಡ್ತಿ ಸಿಕ್ಕಿಲ್ಲ.