ಬಂಪರ್ ಒಂದು ಬದಲಾಯಿಸಿದರೆ ಸಾಕು, ಸಾರ್

ಒಂದು ಡಾಲರನ್ನೂ ಸುಮ್ಮನೆ ಕೈಬಿಡದ ಜಾತಿ ಈ ಭೂಮಿಯ ಮೇಲೆ ಇದ್ದರೆ ಅದು ಅಮೆರಿಕದ ಇನ್ಶೂರೆನ್ಸ್ ಕಂಪನಿ. ಅದರ ಕಡೆಯವನೊಬ್ಬ ಬಂದು, ಮೂತಿ ಜಜ್ಜಿಸಿಕೊಂಡು ನಿಂತ ಕೆಂಪು ಕಾರ್ವೆಟ್ಟಿಗೆ ಒಂದು ಪ್ರದಕ್ಷಿಣೆ ಹಾಕುತ್ತಾನೆ. ಬಿಡಿಭಾಗ, ಕೂಲಿ, ಬಣ್ಣ ಎಲ್ಲ ಕೂಡಿ ಕಳೆದು, ರಿಪೇರಿ ಮಾಡಿಸುವುದಕ್ಕಿಂತ ಮಾಲೀಕನಿಗೆ ಪೂರ್ತಿ ದುಡ್ಡು ಕೊಟ್ಟು ಕಳಿಸುವುದೇ ಲಾಭ ಎಂದು ಎಳ್ಳುನೀರು ಬಿಟ್ಟು ಹೋಗುತ್ತಾನೆ. ಹರಾಜಿಗೆ ಬಂದ ಅದೇ ಕಾರಿನ ಹತ್ತು ಫೋಟೋಗಳನ್ನು ಫೋನಿನಲ್ಲಿ ನೋಡಿದ ನಮ್ಮ ಡಲ್ಲಾಸ್ ಕನ್ನಡಿಗ ಎಂಜಿನಿಯರಿಗೆ ಮಾತ್ರ ಸತ್ಯ ಹೊಳೆಯುತ್ತದೆ: ಪಾಪ, ಆ ಕಂಪನಿಗೆ ಲೆಕ್ಕ ಬರುವುದಿಲ್ಲ.

ಹೀಗೆ ಕೈಬಿಟ್ಟ ಕಾರಿಗೆ ಸರ್ಕಾರ ಕೊಡುವ ಕಾಗದವೇ ಸಾಲ್ವೇಜ್ ಟೈಟಲ್. ಅದೊಂದು ಜಾತಕ, ದೋಷ ಇದೆಯೋ ಇಲ್ಲವೋ ಎನ್ನುವುದು ಜೋಯಿಸರ ಊರಿನ ಮೇಲೆ ನಿಂತಿದೆ. ರಿಪೇರಿ ಖರ್ಚು ಕಾರಿನ ಬೆಲೆಯ ಶೇಕಡಾ 75 ಮುಟ್ಟಿದರೆ ನ್ಯೂಯಾರ್ಕಿನಲ್ಲಿ ದೋಷ, ಫ್ಲೋರಿಡಾದಲ್ಲಿ 80ಕ್ಕೆ ದೋಷ, ಟೆಕ್ಸಾಸಿನಲ್ಲಿ ನೂರಕ್ಕೆ ನೂರು ಆಗುವವರೆಗೂ ಗುಣವಂತ ವರ. ಇದನ್ನು ಅರಿತ ಜಾಣರು ಕಾರನ್ನು ಲಾರಿಗೆ ಹೇರಿ ರಾಜ್ಯದ ಗಡಿ ದಾಟಿಸಿ, ಅಲ್ಲಿ ಹೊಸ ಕಾಗದ ಮಾಡಿಸುತ್ತಾರೆ. ಇದಕ್ಕೆ ಟೈಟಲ್ ವಾಷಿಂಗ್ ಎನ್ನುತ್ತಾರೆ. ತೊಳೆದದ್ದು ಕಾಗದ ಮಾತ್ರ. ಕಾರು ಹಾಗೇ ಇರುತ್ತದೆ. ಈ ದಂಧೆ ತಡೆಯಲು 1992ರಲ್ಲೇ ಕಾಯ್ದೆ ಮಾಡಿ ರಾಷ್ಟ್ರಮಟ್ಟದ ಟೈಟಲ್ ದಾಖಲೆಗೆ ದಾರಿ ಮಾಡಿದರು. ಕೆಲವೇ ಡಾಲರು ಕೊಟ್ಟರೆ ಯಾರು ಬೇಕಾದರೂ ಅದನ್ನು ನೋಡಬಹುದು. ಇಪ್ಪತ್ತು ಸಾವಿರ ಸುರಿಯಲು ತಯಾರಾದವನಿಗೆ ಆ ಕೆಲವು ಡಾಲರು ಮಾತ್ರ ದಂಡ ಅನಿಸುತ್ತದೆ.

ಸಾಲ್ವೇಜ್ ಕಾರನ್ನು ರಿಪೇರಿ ಮಾಡಿ ತಪಾಸಣೆಗೆ ಒಪ್ಪಿಸಿದರೆ ‘ರೀಬಿಲ್ಟ್’ ಎಂಬ ಬಿರುದು ಸಿಗುತ್ತದೆ. ಅಳಿಯ ಅಲ್ಲ, ಮಗಳ ಗಂಡ. ತಪಾಸಣೆ ಎಂದ ಕೂಡಲೇ ಬಿಳಿ ಕೋಟಿನ ತಜ್ಞರು ಚಾಸಿ ಅಳೆಯುವ ದೃಶ್ಯ ಕಣ್ಣಿಗೆ ಕಟ್ಟುತ್ತದಲ್ಲವೆ? ನ್ಯೂಯಾರ್ಕಿನಂಥ ಕಡೆ ಅವರು ನೋಡುವುದು ಬಿಡಿಭಾಗಗಳು ಕದ್ದವೋ ಕೊಂಡವೋ ಎಂದು. ರಶೀದಿ ಇದ್ದರೆ ಮುಗಿಯಿತು. ಬ್ರೇಕ್ ಒತ್ತಿದರೆ ಕಾರು ನಿಲ್ಲುತ್ತದೆಯೇ ಎಂಬುದು ನಿಮಗೂ ಮುಂದಿನ ಸಿಗ್ನಲ್ಲಿಗೂ ಬಿಟ್ಟ ವಿಚಾರ.

ಮಾರುವವನ ಭಾಷೆ ಕಲಿಯಲು ವ್ಯಾಕರಣ ಬೇಕಿಲ್ಲ. ‘ಸಣ್ಣ ಕೆಲಸ, ನನಗೆ ಪುರಸೊತ್ತಿಲ್ಲ ಅಷ್ಟೆ’ ಎಂದರೆ ಕೆಲಸ ಶುರು ಮಾಡಿ ಹೆದರಿ ನಿಲ್ಲಿಸಿದ್ದಾನೆ. ‘ಏಸಿಗೆ ಗ್ಯಾಸ್ ತುಂಬಿಸಿದರೆ ಆಯಿತು’ ಎಂದರೆ ತುಂಬಿಸಿದ ಗ್ಯಾಸು ಸಂಜೆಯೊಳಗೆ ಹೋಗಿದೆ. ಹರಾಜಿನಲ್ಲಿ ‘ರನ್ ಆಂಡ್ ಡ್ರೈವ್’ ಎಂದು ಬರೆದಿದ್ದರೆ, ಯಾರೋ ನೋಡಿದ ದಿನ ಎಂಜಿನ್ ಸ್ಟಾರ್ಟ್ ಆಗಿ, ಗೇರ್ ಬಿದ್ದು, ಗಾಡಿ ತನ್ನ ಕಾಲ ಮೇಲೆ ತಾನು ಚೂರು ಮುಂದೆ ಸರಿಯಿತು ಎಂದಷ್ಟೇ ಅರ್ಥ. ರಸ್ತೆಗಿಳಿಯುತ್ತದೆ ಎಂದು ಯಾರೂ ಹೇಳಿಲ್ಲ.

ಲೆಕ್ಕಕ್ಕೆ ಬರೋಣ. ಕ್ಲೀನ್ ಟೈಟಲಿನ ಕಾರ್ವೆಟ್ 40 ಸಾವಿರ ಡಾಲರ್ ಅನ್ನಿ. ಈ ಜಜ್ಜಿದ ಕಾರು ಹರಾಜಿನಲ್ಲಿ 18 ಸಾವಿರಕ್ಕೆ ಬಿತ್ತು. ಮನೆಯಲ್ಲಿ ‘22 ಸಾವಿರ ಉಳಿಸಿದೆ’ ಎಂದು ಘೋಷಣೆಯಾಗುತ್ತದೆ. ಆಮೇಲೆ ಹರಾಜಿನ ಶುಲ್ಕ, ಬ್ರೋಕರನ ಪಾಲು, ಎತ್ತಿ ತರುವ ಲಾರಿ, ತಡ ಮಾಡಿದ್ದಕ್ಕೆ ಹರಾಜಿನ ಅಂಗಳದ ದಿನಬಾಡಿಗೆ. ಆಮೇಲೆ ರೇಡಿಯೇಟರು, ಹೆಡ್‌ಲೈಟು, ಏರ್‌ಬ್ಯಾಗು, ಸೀಟ್‌ಬೆಲ್ಟು. ಎಲ್ಲ ಸೇರಿ 34 ಸಾವಿರಕ್ಕೆ ಬಂದು ನಿಂತಿತು ಅನ್ನಿ. ರೀಬಿಲ್ಟ್ ಕಾರು ಸಾಮಾನ್ಯವಾಗಿ ಕ್ಲೀನ್ ಕಾರಿಗಿಂತ ಶೇಕಡಾ 20ರಿಂದ 40 ಕಡಿಮೆಗೆ ಹೋಗುತ್ತದೆ. ಅಂದರೆ 24ರಿಂದ 32 ಸಾವಿರ. ನಿಮ್ಮ ವಾರಾಂತ್ಯಗಳ ಕೂಲಿ ಹಿಡಿದಿಲ್ಲ, ಅದು ಧರ್ಮಾರ್ಥ. ಬ್ಯಾಂಕಿನವರು ಸಾಲ ಎಂದರೆ ಮುಖ ತಿರುಗಿಸುತ್ತಾರೆ. ಎಷ್ಟೋ ಇನ್ಶೂರೆನ್ಸ್ ಕಂಪನಿಗಳು ನೀವು ಬೇರೆಯವರಿಗೆ ಗುದ್ದಿದರೆ ಕೊಡುತ್ತೇವೆ, ನಿಮ್ಮ ಕಾರಿಗೆ ಏನಾದರೂ ಆದರೆ ನಮ್ಮನ್ನು ಕೇಳಬೇಡಿ ಎನ್ನುತ್ತವೆ. ಒಂದು ಸಲ ಸತ್ತ ಕಾರು ಇನ್ನೊಮ್ಮೆ ಸಾಯುವುದು ನಿಮ್ಮ ಖರ್ಚಿನಲ್ಲಿ.

ಕಾರನ್ನು ಹತ್ತಿರದಿಂದ ನೋಡಿದವರಿಗೆ ಇನ್ನೊಂದು ತಮಾಷೆ ಕಾಣುತ್ತದೆ. ಕಾರ್ವೆಟ್ಟಿನ ಮೈ ತಗಡಲ್ಲ, ಫೈಬರ್‌ಗ್ಲಾಸ್ ಜಾತಿಯ ವಸ್ತು. ಅದು ತಗಡಿನ ಹಾಗೆ ತಗ್ಗು ಬೀಳುವುದಿಲ್ಲ. ಒಂದೋ ಸೀಳುತ್ತದೆ, ಇಲ್ಲವೇ ಏನೂ ಆಗದವರ ಹಾಗೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಒಳಗಿನ ಫ್ರೇಮು ಬಗ್ಗಿರುತ್ತದೆ, ಹೊರಗೆ ಮುಖದಲ್ಲಿ ನಗು. 2014ರಿಂದ 2019ರವರೆಗಿನ ಏಳನೇ ತಲೆಮಾರಿನದ್ದಂತೂ ಫ್ರೇಮೇ ಅಲ್ಯೂಮಿನಿಯಂ. ಬಗ್ಗಿದ ಉಕ್ಕಿನಂತೆ ಅದು ಎಳೆದ ಕಡೆ ಬರುವುದಿಲ್ಲ, ಬಿರುಕು ಬಿಡುತ್ತದೆ. ಅದಕ್ಕೆ ಬೇರೆಯೇ ಉಪಕರಣ, ಉಕ್ಕಿನ ಧೂಳು ಸೋಕದ ಜಾಗ ಬೇಕು. ನಿಮ್ಮ ಗ್ಯಾರೇಜಿನಲ್ಲಿ ಇರುವುದು ಸುತ್ತಿಗೆ ಮತ್ತು ಉತ್ಸಾಹ.

ಕೀ ತಿರುಗಿಸಿ ಏರ್‌ಬ್ಯಾಗಿನ ದೀಪ ನೋಡಿ. ಕೆಲವು ಸೆಕೆಂಡು ಹೊತ್ತಿ ಆರಬೇಕು. ಹೊತ್ತಲೇ ಇಲ್ಲವೆಂದರೆ ದೀಪವನ್ನೇ ಯಾರೋ ಕಿತ್ತಿದ್ದಾರೆ. ಹೊತ್ತಿ ಆರಿದರೂ ಹಿಗ್ಗಬೇಡಿ. ಏರ್‌ಬ್ಯಾಗಿನ ಜಾಗದಲ್ಲಿ ಪುಡಿಗಾಸಿನ ಒಂದು ರೆಸಿಸ್ಟರ್ ಸಿಕ್ಕಿಸಿ ಕಂಪ್ಯೂಟರಿಗೇ ಟೋಪಿ ಹಾಕುವ ಕಲಾವಿದರಿದ್ದಾರೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಬಾಗಿಲು ಮುಚ್ಚಿ ನಮಸ್ಕಾರ ಹೇಳಿ ಹೊರಡಿ. 2017ರಲ್ಲಿ ಹಾರ್ವಿ ಚಂಡಮಾರುತ ಹ್ಯೂಸ್ಟನ್ನನ್ನು ಮುಳುಗಿಸಿದಾಗ ಲಕ್ಷಗಟ್ಟಲೆ ಕಾರುಗಳು ನೀರು ಕುಡಿದವು. ಮುಳುಗಿದವನಿಗೆ ಚಳಿಯೇನು ಮಳೆಯೇನು ಎನ್ನುವುದು ಮನುಷ್ಯರ ಮಾತು. ಕಾರಿನ ವೈರಿಂಗ್ ಒಂದೂವರೆ ವರ್ಷ ಆದ ಮೇಲೆ, ಅದೂ ಹೈವೇಯ ಮಧ್ಯದಲ್ಲಿ, ಆ ನೀರನ್ನು ನೆನಪಿಸಿಕೊಳ್ಳುತ್ತದೆ. (ನಮ್ಮ ಬೆಂಗಳೂರಿನಲ್ಲಿ ಈ ಟೈಟಲ್ಲಿನ ರಗಳೆ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ವಿಲ್ಲಾಗಳ ಮುಂದೆ ಕೋಟಿ ಬೆಲೆಯ ಕಾರುಗಳು ಮುಳುಗಿದ್ದನ್ನು ಟೀವಿಯಲ್ಲಿ ಕಂಡೆವು. ಆರ್‌ಸಿಯಲ್ಲಿ ‘ಈಜಿ ಬಂದದ್ದು’ ಎಂದು ಬರೆಯುವ ಕಾಲಮ್ಮೇ ಇಲ್ಲ.)

ಇಷ್ಟು ಹೇಳಿದರೂ ಒಬ್ಬರು ಮಿಸ್ಟರ್ ಬೀನ್ ಕಥೆ ತೆಗೆಯುತ್ತಾರೆ. ಆ ಪಾತ್ರ ಮಾಡಿದ ರೋವನ್ ಅಟ್ಕಿನ್ಸನ್ 2011ರಲ್ಲಿ ತಮ್ಮ ಮೆಕ್ಲಾರೆನ್ ಎಫ್1 ಅನ್ನು ಮರಕ್ಕೆ ಗುದ್ದಿದರು, ರಿಪೇರಿಗೆ ಸುಮಾರು 9 ಲಕ್ಷ 10 ಸಾವಿರ ಪೌಂಡ್ ಆಯಿತು, 2015ರಲ್ಲಿ ಅದೇ ಕಾರು ಸುಮಾರು 80 ಲಕ್ಷ ಪೌಂಡಿಗೆ ಹೋಯಿತು. ನಿಜ. ಆ ಮಾದರಿಯಲ್ಲಿ ಒಟ್ಟು ತಯಾರಾದದ್ದೇ 106. ರಿಪೇರಿಯ ಬಿಲ್ಲು ಕಟ್ಟಿದ್ದು ಇನ್ಶೂರೆನ್ಸ್ ಕಂಪನಿ, ಅದು ಕೈಬಿಟ್ಟಿರಲಿಲ್ಲ. ನಿಮ್ಮ ಕಾರ್ವೆಟ್ಟಿನಂಥವು ಲಕ್ಷಕ್ಕೂ ಮೀರಿ ಇವೆ, ನಿಮ್ಮನ್ನು ನೋಡಿದರೆ ಜನ ನಗುವುದು ಬೇರೆ ಕಾರಣಕ್ಕೆ.

ಎಲ್ಲವೂ ಕೆಟ್ಟದ್ದೇ ಎನ್ನುತ್ತಿಲ್ಲ. ಕಳವಾಗಿ, ದುಡ್ಡು ಕೊಟ್ಟ ಮೇಲೆ ಸಿಕ್ಕಿದ ಕಾರು, ಆಲಿಕಲ್ಲಿಗೆ ಮೈ ಕೆಡಿಸಿಕೊಂಡ ಕಾರು, ರಿಪೇರಿಗೆ ಮುಂಚಿನ ಫೋಟೋ ಮತ್ತು ಫ್ರೇಮಿನ ಅಳತೆಯ ಚೀಟಿಯನ್ನು ಕೇಳುವ ಮೊದಲೇ ಮುಂದಿಡುವ ಮಾಲೀಕ, ಇವು ಸಿಕ್ಕರೆ, ಸಾಯುವವರೆಗೂ ಮಾರುವುದಿಲ್ಲ ಎಂಬ ಛಲವಿದ್ದರೆ, ಕೊಳ್ಳಿ. ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಪುಡಿ ಮಾಡುವ ಹುಚ್ಚಿಗೂ ಇದೇ ಸರಿ. ಲಾಭಕ್ಕೆಂದು ಕೊಳ್ಳುವವರಿಗೆ ಮಾತ್ರ ಕೆಂಟಕಿಯ ಬೌಲಿಂಗ್ ಗ್ರೀನಿಗೆ ಒಂದು ಟಿಕೆಟ್ ತೆಗೆಸಿಕೊಡಬೇಕು. ಅಲ್ಲಿನ ಕಾರ್ವೆಟ್ ಮ್ಯೂಸಿಯಮ್ಮಿನಲ್ಲಿ 2014ರ ಫೆಬ್ರವರಿಯಲ್ಲಿ ನೆಲ ಕುಸಿದು ಎಂಟು ಕಾರುಗಳು ಗುಂಡಿಗೆ ಬಿದ್ದವು. ಕಾರ್ವೆಟ್ ತಯಾರಾಗುವ ಕಾರ್ಖಾನೆ ಅದೇ ಊರಿನಲ್ಲಿದೆ. ಆದರೂ ಸರಿಪಡಿಸಿದ್ದು ಮೂರನ್ನು. ಉಳಿದ ಐದನ್ನು ಜಜ್ಜಿದ ಹಾಗೆಯೇ ಪ್ರದರ್ಶನಕ್ಕಿಟ್ಟರು. ಆ ಐದರ ಮುಂದೆ ಸೆಲ್ಫಿ ತೆಗೆದುಕೊಂಡ ನಮ್ಮವನೊಬ್ಬ ಕಾವಲಿನವನನ್ನು ಪಕ್ಕಕ್ಕೆ ಕರೆದು, ಟೈಟಲ್ ಕ್ಲೀನಾ ಎಂದು ಕೇಳದೆ ಬರುವುದಿಲ್ಲ.